ಗುಣಕಿ, ೧೯೭೮

ನಾನು ಒಂದು ಉಲ್ಲೇಖ. ಸಂಶೋಧನಾ ಲೇಖನ ಮುಗಿದು, ಓದುವವರು ಇನ್ನೇನು ಎದ್ದು ಹೋಗಬೇಕು ಎನ್ನುವ ಹೊತ್ತಿಗೆ, ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಸಾಲಾಗಿ ನಿಂತಿರುತ್ತೇವಲ್ಲ, ಆ ಬಳಗದವರು ನಾವು. ಬರೆದವರ ಹೆಸರು, ಇಸವಿ, ಲೇಖನದ ಹೆಸರು, ಅಚ್ಚಾದ ಪತ್ರಿಕೆ, ಇಷ್ಟೇ ನನ್ನ ಮೈ. ದೊಡ್ಡ ದೊಡ್ಡ ಪ್ರಾಧ್ಯಾಪಕರನ್ನೆಲ್ಲ ನಾನು ಪುಟದ ಬುಡದಿಂದಲೇ ನೋಡಿದ್ದೇನೆ. ಅಲ್ಲಿಂದ ನೋಡಿದರೆ ಅವರಲ್ಲಿ ಅನೇಕರು ಅಷ್ಟೇನೂ ದೊಡ್ಡವರಾಗಿ ಕಾಣುವುದಿಲ್ಲ.

ಗುಣಕಿ ಎಂಬ ಮೇಷ್ಟ್ರು ೧೯೭೮ರಲ್ಲಿ ಒಂದು ಲೇಖನ ಬರೆದರು. ಮಳೆಗಾಲದ ಕೃಷ್ಣಾ ನದಿಯ ಕೆಂಪು ನೀರಿಗೆ ನುಗ್ಗೆ ಬೀಜದ ಪುಡಿ ಕಲಕಿದರೆ ಕೆಸರು ತಳ ಸೇರಿ ನೀರು ತಿಳಿಯಾಗುತ್ತದೆ ಎಂದು ತೋರಿಸಿಕೊಟ್ಟರು. ಆದರೆ ನಾನು ಹುಟ್ಟಿದ್ದು ಆಗಲ್ಲ. ಇನ್ಯಾರೋ ಆ ಲೇಖನವನ್ನು ಸಾಕ್ಷಿಗೆ ಕರೆದಾಗ ಉಲ್ಲೇಖ ಹುಟ್ಟುತ್ತದೆ. ನನ್ನನ್ನು ಹುಟ್ಟಿಸಿದವರು ಅಡಿವೆಪ್ಪ ಸಂಕನಾಳ. ಆಗಿನ್ನೂ ಎಳೆಯ ವಯಸ್ಸು, ಕೆಲಸ ಕಾಯಂ ಆಗಿರಲಿಲ್ಲ, ಎಲ್ಲದಕ್ಕೂ ಅವಸರ. ಗುಣಕಿಯವರ ಲೇಖನದ ಮೊದಲ ಪುಟ ಓದಿ, ಸಂಪುಟ ಮುಚ್ಚಿಟ್ಟು, "ಹೀಗೆ ತಿಳಿಯಾದ ನೀರು ಕುಡಿಯಲು ಯೋಗ್ಯ (ಗುಣಕಿ, ೧೯೭೮)" ಎಂದು ಬರೆದು ಮುಂದಕ್ಕೆ ಹೋದರು. ನಾನು ಕಣ್ಣು ಬಿಟ್ಟಿದ್ದು ಆ ಆವರಣದೊಳಗೆ. ಲೇಖನದ ಕೊನೆಯ ಪುಟದಲ್ಲಿ ಏನಿದೆ ಎಂದು ನನಗೆ ಗೊತ್ತಿತ್ತು. ಕೇಳುವವರಿರಲಿಲ್ಲ.

ಮುಂದೆ ಸಂಕನಾಳರು ಹೆಸರು ಮಾಡಿದರು, ಅವರ ಕೈಕೆಳಗೆ ವಿದ್ಯಾರ್ಥಿಗಳು ಬಂದರು. ಗುರುಗಳು ಕೊಟ್ಟ ಉಲ್ಲೇಖವನ್ನು ಮೂಲ ತೆರೆದು ನೋಡುವುದೆಂದರೆ ಗುರುಗಳನ್ನೇ ಅನುಮಾನಿಸಿದಂತೆ ಎಂಬುದು ಆ ವಿಭಾಗದ ಅಲಿಖಿತ ಕಟ್ಟಳೆ. ಹಾಗಾಗಿ ಎಲ್ಲರೂ ನನ್ನನ್ನು ಹಿಂದಿನವರಿಂದ ನಕಲು ಮಾಡಿಕೊಂಡರು. ಒಬ್ಬರ ಕೈಯಲ್ಲಿ ನನ್ನ ಇನಿಷಿಯಲ್ ಉದುರಿತು. ಇನ್ನೊಬ್ಬರ ಕೈಯಲ್ಲಿ ಪತ್ರಿಕೆಯ ಹೆಸರು ಬದಲಾಯಿತು. ಒಂದು ಜರ್ನಲ್‌ನವರು ಇಸವಿಯನ್ನು ಹೆಸರಿನ ಪಕ್ಕಕ್ಕೆ ತಂದರೆ ಮತ್ತೊಬ್ಬರು ಸಾಲಿನ ಕೊನೆಗೆ ದಬ್ಬಿದರು, ಅಕ್ಷರಗಳನ್ನು ಓರೆ ಮಾಡಿದರು, ಮತ್ತೆ ನೆಟ್ಟಗೆ ನಿಲ್ಲಿಸಿದರು. ಅಲ್ಪವಿರಾಮದ ಬಗ್ಗೆ ಅಷ್ಟೊಂದು ತಲೆ ಕೆಡಿಸಿಕೊಳ್ಳುವ ಈ ಜನ ನನ್ನ ಮಾತು ನಿಜವೋ ಸುಳ್ಳೋ ಎಂದು ಒಮ್ಮೆಯೂ ಕೇಳಲಿಲ್ಲ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಹೀಗೆ ಕೈ ದಾಟುತ್ತ ಶಕುಂತಲಾ ಹೂಗಾರಳ ಕೈಗೆ ಬಂದೆ. ಸಂಕನಾಳರ ಕೊನೆಯ ವಿದ್ಯಾರ್ಥಿನಿ ಅವಳು. ಒಂದು ಲೇಖನ ಅಚ್ಚಿಗೆ ಒಪ್ಪಿತವಾದರೆ ಮಾತ್ರ ಪಿಎಚ್.ಡಿ. ಮಹಾಪ್ರಬಂಧ ಸಲ್ಲಿಸಬಹುದು, ಅವಳ ನೋಂದಣಿಯ ಅವಧಿ ಆ ತಿಂಗಳಿಗೇ ಮುಗಿಯುತ್ತಿತ್ತು. ಲೇಖನವೇನೋ ಪರಿಶೀಲಕರಿಗೆ ಹಿಡಿಸಿತ್ತು. ಆದರೆ "ಉಲ್ಲೇಖಗಳು ನಮ್ಮ ನಮೂನೆಯಲ್ಲಿಲ್ಲ" ಎಂದು ಜರ್ನಲ್‌ನವರು ಎರಡು ಸಲ ಹಿಂದಿರುಗಿಸಿದ್ದರು. ಇದು ಕೊನೆಯ ಅವಕಾಶ, ಸಂಜೆ ಐದಕ್ಕೆ ಬಾಗಿಲು ಮುಚ್ಚುತ್ತದೆ ಎಂದು ತಿಳಿಸಿದ್ದರು.

ಆ ದಿನ ಶಕುಂತಲಾ ಬೆಳಗಿನಿಂದ ಕೂತು ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ತಿದ್ದಿ ನಿಲ್ಲಿಸಿದಳು. ಇಪ್ಪತ್ಮೂರನೆಯವನಾದ ನನ್ನ ಹತ್ತಿರ ಬಂದು ನಿಂತಳು. ಜರ್ನಲ್‌ನವರಿಗೆ ಲೇಖನದ ಮೊದಲ ಮತ್ತು ಕೊನೆಯ ಪುಟಸಂಖ್ಯೆ ಬೇಕು, ನನಗೆ ಪುಟಸಂಖ್ಯೆಯೇ ಇಲ್ಲ. ಸಂಕನಾಳರು ಬರೆದಿರಲಿಲ್ಲ, ಆದ್ದರಿಂದ ಯಾರೂ ಬರೆದಿರಲಿಲ್ಲ. ಅವಳು ಗ್ರಂಥಾಲಯಕ್ಕೆ ಓಡಿ, ಹಳೆಯ ಸಂಪುಟಗಳ ಕಪಾಟಿನಿಂದ ದೂಳು ಹಿಡಿದ ಗುಣಕಿಯವರನ್ನು ಹೊರಗೆಳೆದಳು. ಕೊನೆಯ ಪುಟದ ಸಂಖ್ಯೆ ಬೇಕಲ್ಲ, ಕೊನೆಯ ಪುಟಕ್ಕೇ ಹೋದಳು.

ಅಲ್ಲಿ ಗುಣಕಿಯವರು ಸ್ಪಷ್ಟವಾಗಿ ಬರೆದಿದ್ದರು: "ನೀರು ಕಣ್ಣಿಗೆ ತಿಳಿಯಾದರೂ ರೋಗಾಣುಗಳು ಉಳಿದಿರುತ್ತವೆ. ಕುದಿಸದೆ ಕುಡಿಯಬಾರದು."

ಶಕುಂತಲಾ ಅದನ್ನು ಮತ್ತೆ ಮತ್ತೆ ಓದಿದಳು. ರೋಗಾಣುಗಳ ಮಾತು ಗುಣಕಿಯವರಲ್ಲೇ ತೀರ್ಮಾನವಾಗಿದೆ ಎಂದು ನಂಬಿ ಅವಳು ನೀರು ಎಷ್ಟು ತಿಳಿಯಾಗಿದೆ ಎಂಬುದನ್ನಷ್ಟೇ ಅಳೆದಿದ್ದಳು. ಇಡೀ ಲೇಖನ ನಿಂತಿದ್ದು ನನ್ನ ಮೇಲೆ, ನಾನು ನಿಂತಿದ್ದು ಗಾಳಿಯ ಮೇಲೆ.

ಆ ಪುಟದ ಜೆರಾಕ್ಸ್ ಹಿಡಿದು ಸಂಕನಾಳರ ಕೋಣೆಗೆ ಹೋದಳು. ಅವರು ಗಡಿಯಾರ ನೋಡಿದರು.

"ಇನ್ನೂ ಕಳ್ಸಿಲ್ಲೇನವಾ? ಪುಟದ ನಂಬರ್ ಸಿಕ್ತಲ್ಲ, ಹಾಕಿ ಕಳಸು."

"ಸರ, ಇದನ್ನೊಂದೀಟು ಓದ್ರಿ."

ಅವರು ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇದನ್ನ ಹಿಂಗ ಬರದ್ರ ನಿನ್ನ ಪೇಪರ್ ವಾಪಸ್ ಬರ್ತದ. ಗೊತ್ತೈತೇನು?"

"ಗೊತ್ತೈತ್ರಿ."

"ಅದರಾಗ ನನ್ನ ಹೆಸರೂ ಐತಿ."

"ಅದೂ ಗೊತ್ತೈತ್ರಿ, ಸರ."

ಸಂಕನಾಳರು ಜೆರಾಕ್ಸನ್ನು ಮಡಚಿ ಅವಳ ಕೈಗೇ ಕೊಟ್ಟರು. "ನಾ ಏನೂ ಹೇಳಂಗಿಲ್ಲ. ನೀನ ನೋಡ್ಕೋ," ಎಂದು ಕಿಟಕಿಯ ಕಡೆ ತಿರುಗಿದರು. ಹೌದೆಂದೂ ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ. ನನ್ನನ್ನು ಹುಟ್ಟಿಸಿದಾತನ ಮೇಲೆ ನನಗೆ ಅವತ್ತು ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಅವಳು ಕಂಪ್ಯೂಟರಿನ ಮುಂದೆ ಬಂದು ಕೂತಾಗ ಐದಕ್ಕೆ ಹೆಚ್ಚು ಹೊತ್ತು ಉಳಿದಿರಲಿಲ್ಲ. ಪುಟಸಂಖ್ಯೆ ಹಾಕಿ ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ನನ್ನನ್ನು ಅಳಿಸಿ, ಆ ಜಾಗದಲ್ಲಿ ಸಂಕನಾಳರ ಲೇಖನವನ್ನು ಕೂರಿಸಿದರೆ ಇನ್ನೂ ಸಲೀಸು. ಕರ್ಸರ್ ನನ್ನ ಮೈಮೇಲೆ ಬಂದು ನಿಂತು ಮಿಣುಕತೊಡಗಿತು. ಅವಳು ಒಂದೇ ಎಳೆತಕ್ಕೆ ನನ್ನನ್ನು ಪೂರ್ತಿ ಆಯ್ದುಕೊಂಡಳು, ಬೆರಳು ಅಳಿಸುವ ಗುಂಡಿಯ ಮೇಲೆ ಇಟ್ಟಳು. ಇಷ್ಟು ವರ್ಷ ಸುಳ್ಳು ಹೇಳಿಸಿಕೊಂಡು ಬದುಕಿದ ನನಗೆ ಸಾಯಲು ಹೆದರಿಕೆಯಾಯಿತು, ನಾಚಿಕೆ ಬಿಟ್ಟು ಹೇಳುತ್ತೇನೆ.

ಬೆರಳು ಎತ್ತಿದಳು. ಮೇಲಕ್ಕೆ ಹೋಗಿ ವಾಕ್ಯವನ್ನೇ ಬದಲಿಸಿದಳು: ನೀರು ತಿಳಿಯಾಗುತ್ತದೆ, ಆದರೆ ಕುದಿಸದೆ ಕುಡಿಯಬಾರದೆಂದು ಗುಣಕಿಯವರು ಎಚ್ಚರಿಸಿದ್ದಾರೆ, ರೋಗಾಣು ಪರೀಕ್ಷೆಯನ್ನು ನಾವು ಮಾಡಿಲ್ಲ. ಕೆಳಗೆ ಬಂದು ನನಗೆ ಉದುರಿದ ಇನಿಷಿಯಲ್ ಮರಳಿಸಿದಳು, ಪುಟಗಳನ್ನು ಕೊಟ್ಟಳು. ಕಳಿಸುವ ಗುಂಡಿ ಒತ್ತಿದಳು.

ಮುಂದಿನದನ್ನು ಇಲ್ಲೇ ಹೇಳಿಬಿಡುತ್ತೇನೆ. ಲೇಖನ ವಾಪಸ್ಸು ಬಂತು. ಪರೀಕ್ಷೆ ಮಾಡಿಕೊಂಡು ಬನ್ನಿ ಎಂದರು. ನೋಂದಣಿಯ ಅವಧಿ ಮುಗಿಯಿತು, ಜೊತೆಯವರು ಡಾಕ್ಟರೇಟ್ ಪಡೆದು ಸನ್ಮಾನ ಮಾಡಿಸಿಕೊಂಡರು, ಅವಳು ಅವಧಿ ವಿಸ್ತರಣೆಗೆ ಅರ್ಜಿ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದಳು. ಆ ಪರೀಕ್ಷೆಯನ್ನೂ ಮಾಡಿ, ಗಾಜಿನಂಥ ತಿಳಿನೀರಿನಲ್ಲಿ ರೋಗಾಣು ಬೆಳೆದದ್ದನ್ನು ಕಂಡು, ಅದನ್ನೂ ಬರೆದು, ಮರುವರ್ಷ ಅಚ್ಚು ಮಾಡಿಸಿದಳು. ನಾನೀಗ ಆ ಸಂಚಿಕೆಯ ಕೊನೆಯ ಪುಟದಲ್ಲಿದ್ದೇನೆ. ಬೇರೆಡೆ ಇರುವ ನನ್ನ ನಕಲುಗಳು ಇನ್ನೂ ಹಳೆಯ ಸುಳ್ಳನ್ನೇ ಹೇಳುತ್ತಿವೆ, ಅವನ್ನು ತಡೆಯುವ ಶಕ್ತಿ ನನಗಿಲ್ಲ. ವಯಸ್ಸಾಯಿತು. ನನ್ನ ಬೆನ್ನು ಹಿಡಿದು ಗುಣಕಿಯವರವರೆಗೆ ಹೋಗುವವರು ಅಪರೂಪಕ್ಕೊಬ್ಬರು ಸಿಗುತ್ತಾರೆ.

ಆದರೆ ನನಗೆ ಪದೇ ಪದೇ ನೆನಪಾಗುವುದು ಅದೇ ಸಂಜೆ. ಲೇಖನ ಹೋದದ್ದೇ ತಡ, ಶಕುಂತಲಾ ಫೋನ್ ಎತ್ತಿಕೊಂಡಳು. ಹೊಳೆಯ ನೀರು ಕುಡಿಯುವ ತನ್ನ ಊರಿಗೆ, ತಾಯಿಗೆ.

"ಅವ್ವಾ, ಇನ್ಮ್ಯಾಲೆ ನೀರು ಕುದಿಸೇ ಕುಡೀರಿ."

"ಯಾಕ? ನುಗ್ಗಿಬೀಜದ ಪುಡಿ ಹಾಕಿದ್ರ ಸಾಕು, ಪುಸ್ತಕದಾಗ ಹಂಗ ಐತಿ ಅಂತ ನೀನ ಹೇಳಿದ್ದೆಲ್ಲ?"

"ಪುಸ್ತಕದಾಗ ಕುದಿಸ್ರಿ ಅಂತನ ಐತವ್ವಾ. ನಾ ಓದಿದ್ದಿಲ್ಲ."



"ನಿಮ್ಮಣ್ಣನ ಕೂಸಿಗೂ ಅದನ್ನ ಕುಡ್ಸೀನಲ್ಲವಾ."

"ಕೂಸು ಆರಾಮ ಐತಿಲ್ಲೋ?"

"ಇಲ್ಲೇ ಆಡಾಕ್ಹತ್ತೈತಿ."

ಶಕುಂತಲಾಳಿಗೆ ಅಳು ಬಂತು. "ಫೋನ್ ಇಡಬ್ಯಾಡವ್ವಾ," ಎಂದಳು. "ನಾ ಕೇಳ್ತಿರ್ತೀನಿ. ಮೊದಲ ಹೋಗಿ ಒಲಿ ಮ್ಯಾಲ ನೀರಿಡು."