ಸಪ್ಪಳ ಕಂಡುಬಂದಿಲ್ಲ

ಕಾರಿನ ವಾರಂಟಿ ಮುಗಿದು ಹನ್ನೊಂದು ದಿನಗಳಾಗಿದ್ದವು. ಸರ್ವಿಸ್ ಸೆಂಟರಿನ ಕೌಂಟರಿನ ಹಿಂದಿದ್ದ ತರುಣ ಅದನ್ನು ಕಂಪ್ಯೂಟರಿನಲ್ಲಿ ನೋಡಿ, ಯಾರೋ ತೀರಿಕೊಂಡ ಸುದ್ದಿ ಹೇಳುವವನ ಹಾಗೆ ದನಿ ಇಳಿಸಿ ಹೇಳಿದ.

"ಇನ್ನ ಮ್ಯಾಲ ಚೆಕ್ ಮಾಡಾಕೂ ಚಾರ್ಜ್ ಆಗ್ತದ್ರಿ ಮೇಡಮ್."

"ಸಪ್ಪಳ ಶುರು ಆದಾಗ ವಾರಂಟಿ ಇತ್ತಲ್ರೀ. ಮೂರು ಸಲ ತಂದು ತೋರಿಸೀನಿ."

"ಮೂರೂ ಸಲ ನಾವು ಬರದು ಕೊಟ್ಟೀವಲ್ರಿ."

ಬರೆದುಕೊಟ್ಟದ್ದು ಸುಳ್ಳಲ್ಲ. ಆ ಮೂರು ಹಾಳೆಗಳೂ ತ್ರಿವೇಣಿಯ ಕೈಯಲ್ಲೇ ಇದ್ದವು. ಅವಳು ಕಮಲಾಪುರದ ಸರಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವವಳು. ಕನ್ನಡದಲ್ಲೇ ಬರೆದುಕೊಡಿ ಎಂದು ಹಠ ಹಿಡಿದದ್ದಕ್ಕೆ ಮೊದಲ ಸಲ ಆ ತರುಣ ಬೆವರು ಒರೆಸಿಕೊಂಡು 'ಸಪ್ಪಳ ಕಂಡುಬಂದಿಲ್ಲ' ಎಂದು ಬರೆದಿದ್ದ. ಎರಡನೆಯ ಸಲವೂ ಅದೇ. ಸಪ್ಪಳ ಕಂಡುಬರುವುದಲ್ಲಪ್ಪಾ, ಕೇಳಿಬರುವುದು ಎಂದು ಅವಳು ತಿದ್ದಿದಳು. ಹೌದ್ರಿ ಹೌದ್ರಿ ಎಂದು ನಕ್ಕ. ಮೂರನೆಯ ಸಲವೂ ಸಪ್ಪಳ ಕಂಡುಬರಲಿಲ್ಲ. ಹತ್ತನೇ ಇಯತ್ತೆಯ ಹುಡುಗರೂ ಇಷ್ಟು ಮೊಂಡರಲ್ಲ ಎಂದುಕೊಂಡು ತ್ರಿವೇಣಿ ಹೊರಬಂದಳು.

ಆದರೆ ಅವಳಿಗೆ ಸಪ್ಪಳ ಕೇಳುತ್ತಿತ್ತು. ಕಲಬುರಗಿಯ ಜೇವರ್ಗಿ ಕಾಲೋನಿಯ ಮನೆಯಿಂದ ಶಾಲೆಗೆ ಹೊರಟು, ಊರಿನ ಆಟೋಗಳ ಗದ್ದಲ ದಾಟಿ, ಹುಮನಾಬಾದ್ ರಸ್ತೆಗೆ ಬಿದ್ದ ಮೇಲೆ ಅದು ಶುರುವಾಗುತ್ತಿತ್ತು. ಟಕ್. ಸ್ವಲ್ಪ ಸುಮ್ಮನೆ. ಮತ್ತೆ ಟಕ್, ಟಕ್. ಮಹಾಗಾಂವ ಕ್ರಾಸ್ ದಾಟುವಷ್ಟರಲ್ಲಿ, ಒಳಗಿರುವವರು ತೆಗೆಯಲಿ ಎಂದು ಯಾರೋ ಬೆರಳ ಗೆಣ್ಣಿನಿಂದ ಬಾಗಿಲು ಬಡಿದಂತೆ ಒಂದೇ ಸಮನೆ. ಒಂಬತ್ತು ತಿಂಗಳಿನಿಂದ ಹೋಗುವಾಗಲೂ ಇದೇ, ಬರುವಾಗಲೂ ಇದೇ.

ಅಣ್ಣ ಆನಂದಕುಮಾರನಿಗೂ ಹೇಳಿದ್ದಳು. ಅವನದು ಸೂಪರ್ ಮಾರ್ಕೆಟ್‌ನಲ್ಲಿ ಬಟ್ಟೆ ಅಂಗಡಿ, ಶಹಾಬಜಾರದಲ್ಲಿ ಮನೆ. ಒಂದು ಭಾನುವಾರ ಬಂದು, ಕೀಲಿ ಇಸಿದುಕೊಂಡು, ತಂಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ರಿಂಗ್ ರಸ್ತೆಯನ್ನು ಒಂದು ಸುತ್ತು ಹೊಡೆದ. ಅವತ್ತು ಗಾಡಿ ಅವಳ ಮಾನ ತೆಗೆಯಿತು. ಎಣ್ಣೆ ಹಾಕಿದ ಹಾಗೆ ಸುಮ್ಮನೆ ಓಡಿತು. ಗಂಡಸರು ಸ್ಟೇರಿಂಗ್ ಹಿಡಿದರೆ ಸಾಕು, ಈ ಗಾಡಿಗೆ ಎಲ್ಲಿಲ್ಲದ ಮರ್ಯಾದೆ ಬಂದುಬಿಡುತ್ತಿತ್ತು. ಸರ್ವಿಸ್ ಸೆಂಟರಿನಲ್ಲೂ ಹೀಗೇ. ಟ್ರಯಲ್ ನೋಡೋಣ ಬರ್ರಿ ಎಂದು ಮೆಕ್ಯಾನಿಕ್ ತಾನೇ ಕೂತು ಓಡಿಸುತ್ತಿದ್ದ, ಇವಳು ಪಕ್ಕದಲ್ಲಿ ಕಿವಿ ನಿಮಿರಿಸಿಕೊಂಡು ಕೂರುತ್ತಿದ್ದಳು.

"ಎಲ್ಲ್ಯದ ಸಪ್ಪಳ?" ಅಣ್ಣ ಕೇಳಿದ್ದ.

"ನಾ ಹೋಗುವಾಗ ಬರ್ತದಣ್ಣಾ."

"ಒಬ್ಬಾಕಿನೇ ಇರ್ತಿ ತಂಗೀ. ಕಿವಿಗಿ ಏನರೆ ಒಂದು ಬೇಕನಸ್ತದ. ಗಾಡಿ ಮಾರಿಬಿಡು. ಬಸ್ಸಿನ್ಯಾಗ ಹೋಗು, ನಾಕು ಮಂದಿ ನಡುವ ಇದ್ದಂಗಾಗ್ತದ."

ಆಮೇಲೆ ಅವನ ಮನೆಯಲ್ಲಿ ಊಟಕ್ಕೆ ಕೂತಾಗ, ಒಳಗೆ ಅಡಿಗೆಮನೆಯಲ್ಲಿ ಹೆಂಡತಿಯ ಹತ್ತಿರ, ಇವಳನ್ನು ಕಿವಿ ಡಾಕ್ಟರಿಗೆ ತೋರಿಸಬೇಕೋ ತಲೆ ಡಾಕ್ಟರಿಗೋ ಎಂದು ಪಿಸುಗುಟ್ಟಿದ. ಎರಡು ಗೋಡೆಯಾಚೆ ಕೂತಿದ್ದ ತ್ರಿವೇಣಿಗೆ ಅದು ಅಕ್ಷರ ಬಿಡದೆ ಕೇಳಿಸಿತು. ಹಾಗಾಗಿ ಕಿವಿ ಡಾಕ್ಟರಿನ ಪ್ರಶ್ನೆ ಅಲ್ಲಿಗೇ ಮುಗಿಯಿತು. ಉಳಿದದ್ದು ತಲೆ.

ಅವಳನ್ನು ತಿನ್ನುತ್ತಿದ್ದದ್ದು ಅದೇ. ಗಾಡಿ ಹೋದರೆ ಹೋಗಲಿ. ಆದರೆ ಅಣ್ಣ ಹೇಳಿದ್ದೇ ಖರೆ ಇದ್ದರೆ? ಯಾರಿಗೂ ಕೇಳದ್ದು ತನಗೊಬ್ಬಳಿಗೇ ಕೇಳುವುದೆಂದರೆ ಏನರ್ಥ? ನಲವತ್ತೆಂಟು ವರ್ಷ ನೆಟ್ಟಗೆ ನಡೆದ ತಲೆ ಈಗ ಕೈಕೊಡುತ್ತಿದೆಯೇ? ರಾತ್ರಿ ಮನೆಯಲ್ಲಿ ನಲ್ಲಿ ಹನಿಕಿದರೂ ಎದ್ದು ಹೋಗಿ, ನಲ್ಲಿ ನಿಜವಾಗಿಯೂ ಹನಿಕುತ್ತಿದೆಯೇ ಎಂದು ಕೈಯೊಡ್ಡಿ ನೋಡುವಷ್ಟಕ್ಕೆ ಬಂದಿದ್ದಳು. ಕೊನೆಗೆ ಅಣ್ಣನಿಗೆ ಮಾತು ಕೊಟ್ಟಳು. ಬರುವ ಭಾನುವಾರದೊಳಗೆ ಇನ್ನೊಬ್ಬರು ಯಾರಾದರೂ ಆ ಸಪ್ಪಳ ಕೇಳಿದರೆ ಸರಿ. ಇಲ್ಲವಾದರೆ ಅವನು ಕರೆತರುವ ಗಿರಾಕಿಗೆ ಕೀಲಿ ಕೊಟ್ಟುಬಿಡುವುದು, ಅವನು ಹೇಳಿದ ಡಾಕ್ಟರಿನ ಹತ್ತಿರ ಹೋಗಿಬರುವುದು.

ಶೀಲಾ ಇದ್ದಿದ್ದರೆ ಇದನ್ನೆಲ್ಲ ನಗೆಯಲ್ಲಿ ಹಾರಿಸಿಬಿಡುತ್ತಿದ್ದಳು. ಶೀಲಾ ಅದೇ ಶಾಲೆಯ ಗಣಿತದ ಟೀಚರ್. ಗಾಡಿ ತಂದ ದಿನದಿಂದ ಎರಡೂ ಕಾಲು ವರ್ಷ ಪಕ್ಕದ ಸೀಟು ಅವಳದೇ. ಹೋಗುವಾಗ ಹೆಡ್‌ಮಾಸ್ತರರನ್ನು ಬೈಯುವುದು, ಬರುವಾಗ ಹುಡುಗರ ಉತ್ತರಪತ್ರಿಕೆಯ ತಮಾಷೆ ಹೇಳುವುದು. ತ್ರಿವೇಣಿಯ ನೋಟ್‌ಬುಕ್ಕಿನ ಚೀಲ ಮಾತ್ರ ಹಿಂದಿನ ಸೀಟಿಗೆ, ಏಕೆಂದರೆ ಮುಂದೆ ಶೀಲಾ ಕೂರಬೇಕು. ಹೋದ ಆಷಾಢದಲ್ಲಿ ಶೀಲಾಗೆ ಸೇಡಮ್‌ಗೆ ವರ್ಗವಾಯಿತು. ಮೊದಮೊದಲು ದಿನಾ ಫೋನು, ಆಮೇಲೆ ವಾರಕ್ಕೊಮ್ಮೆ. ಸಪ್ಪಳದ ವಿಷಯ ಅವಳಿಗೂ ಹೇಳಿದ್ದಳು.

"ನಾ ಇದ್ದಾಗ ಇರಲಿಲ್ಲಲ್ಲ?" ಶೀಲಾ ಕೇಳಿದ್ದಳು.

"ನೀ ಇದ್ದಾಗ ಇರಲಿಲ್ಲ."

"ತಡಿ, ಮನ್ಯಾಗ ಯಾರೋ ಬಂದ್ರು. ಆಮ್ಯಾಲ ಮಾಡ್ತೀನಿ" ಎಂದು ಇಟ್ಟಿದ್ದಳು. ಆ 'ಆಮ್ಯಾಲ' ಇನ್ನೂ ಬಂದಿರಲಿಲ್ಲ. ಹಿಂದಿನ ಸೀಟಿನ ಚೀಲ ಈಗಲೂ ಹಿಂದಿನ ಸೀಟಿನಲ್ಲೇ ಹೋಗಿಬರುತ್ತಿತ್ತು.

ಶನಿವಾರ ಬೆಳಗಿನ ಶಾಲೆ ಬಿಟ್ಟಾಗ ಜವಾನ ಸಾಯಬಣ್ಣ ಗೇಟಿನ ಹತ್ತಿರ ಹೇಳಿದ. "ಗ್ಯಾರೇಜಿನ ಚಾಂದಪಾಶಾ ಚಾಚಾಗ ತೋರಿಸ್ರಿ ಅಕ್ಕೋರೆ. ಕಣ್ಣಿಂದು ಆಪರೇಷನ್ ಆಗ್ಯಾದ, ಆದ್ರ ಕಿವಿ ಭಾಳ ಚುರುಕು."

ಕಮಲಾಪುರದ ಬಸ್ ಸ್ಟ್ಯಾಂಡು ದಾಟಿ, ಕೆಂಪು ಬಾಳೆಹಣ್ಣಿನ ಬಂಡಿಗಳ ಸಾಲು ಮುಗಿದಲ್ಲಿ ಒಂದು ಬೇವಿನ ಮರ, ಅದರ ಕೆಳಗೆ ತಗಡಿನ ಶೆಡ್ಡು. ಚಾಂದಪಾಶಾನಿಗೆ ಎಪ್ಪತ್ತರ ಹತ್ತಿರ ವಯಸ್ಸು. ಆಸ್ಪತ್ರೆಯವರು ಕೊಟ್ಟ ಕರಿ ಕನ್ನಡಕ ಹಾಕಿಕೊಂಡು ಕುರ್ಚಿಯ ಮೇಲೆ ಕೂತಿದ್ದ. ತ್ರಿವೇಣಿ ಮೂರು ಹಾಳೆಗಳನ್ನೂ ಮುಂದೆ ಚಾಚಿದಳು. ಅವನು ಅವುಗಳನ್ನು ಮುಟ್ಟಲಿಲ್ಲ.

"ವಾರಂಟಿ ಅದ ಏನ್ರಿ?"

"ಮುಗೀತು ಚಾಚಾ."

"ಅಚ್ಛಾ ಆಯ್ತು. ಇಷ್ಟು ದಿನ ಗಾಡಿ ಕಂಪನೀದಿತ್ತು, ಈಗ ನಿಮ್ಮದಾಯ್ತು. ನಡೀರಿ, ನೋಡೋಣ."

ತ್ರಿವೇಣಿ ರೂಢಿಯಂತೆ ಕೀಲಿಯನ್ನು ಅವನತ್ತ ಹಿಡಿದು, ತಾನು ಪಕ್ಕದ ಸೀಟಿನ ಬಾಗಿಲಿಗೆ ಹೋದಳು. ಚಾಂದಪಾಶಾ ಕೈಯಾಡಿಸಿದ.

"ನಂಗ ಡಾಕ್ಟ್ರು ಒಂದು ತಿಂಗಳ ಓಡಿಸಬ್ಯಾಡ ಅಂದಾರ. ನೀವೇ ಓಡಿಸ್ರಿ."

ಸರಿ ಎಂದು ಅವಳು ಸ್ಟೇರಿಂಗಿನ ಮುಂದೆ ಕೂತಳು. ಅವನು ಮುಂದೆ ಬಂದು ಕೂರುತ್ತಾನೆಂದು ಕಾಯ್ದಳು. ಅವನು ಹಿಂದಿನ ಬಾಗಿಲು ತೆಗೆದು, ನೋಟ್‌ಬುಕ್ಕಿನ ಚೀಲವನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡು ಹಿಂದೆ ಕೂತ.

"ಮುಂದ ಬರ್ರಿ ಚಾಚಾ. ಸಪ್ಪಳ ಮುಂದ ಬರ್ತದ."

"ಇರ್ಲಿ ಬಿಡ್ರಿ ಅಕ್ಕೋರೆ. ಪರಾಯಿ ಹೆಣ್ಮಕ್ಕಳ ಬಾಜೂಕ ಕೂಡೂದು ಚಂದ ಕಾಣಂಗಿಲ್ಲ. ಇದು ಸಣ್ಣ ಊರು. ದಿನಾ ಹ್ಯಾಂಗ ಹೋಗ್ತೀರಿ ಹಂಗೇ ಹೋಗ್ರಿ. ನಾ ಇಲ್ಲೇ ಇಲ್ಲ ಅಂತ ತಿಳೀರಿ."

ತ್ರಿವೇಣಿಗೆ ಒಳಗೊಳಗೇ ಸಿಟ್ಟು ಬಂತು. ಸಪ್ಪಳ ಹುಡುಕಲು ಬಂದವನಿಗೆ ಊರಿನವರ ಮಾತಿನ ಚಿಂತೆ. ಇನ್ನು ಇವನೂ ಹಿಂದೆ ಕೂತು ತೂಕಡಿಸಿ, ಏನೂ ಇಲ್ರಿ ಎನ್ನುತ್ತಾನೆ, ನಾಳೆ ಭಾನುವಾರ. ಅವಳು ಗಾಡಿಯನ್ನು ಕಲಬುರಗಿ ದಿಕ್ಕಿಗೆ ಹೊರಳಿಸಿದಳು.

ಒಂದು ಮೈಲು ಹೋಗಿರಬೇಕು. ಟಕ್.

ಅವಳು ಹಿಂದೆ ನೋಡಲಿಲ್ಲ. ಕೇಳಿತೇ ಎಂದು ಕೇಳಲೂ ಇಲ್ಲ. ಇಲ್ಲ ಎಂದುಬಿಟ್ಟರೆ ಎಂಬ ಹೆದರಿಕೆಯಿಂದ ರಸ್ತೆಯನ್ನೇ ನೋಡುತ್ತ ಓಡಿಸಿದಳು. ಟಕ್, ಟಕ್. ಟಕ್ ಟಕ್ ಟಕ್. ಎದುರಿಗೆ ಒಂದು ಲಾರಿ ಬಂದು ಹೋಯಿತು.

"ಎಷ್ಟು ದಿನದಿಂದ ಬಡೀಲಿಕತ್ತದ ಹಿಂಗ?" ಚಾಂದಪಾಶಾ ಕೇಳಿದ.

ತ್ರಿವೇಣಿ ಬ್ರೇಕ್ ಒತ್ತಿದಳು. ಗಾಡಿ ರಸ್ತೆಬದಿಯ ಧೂಳಿಗೆ ಇಳಿದು ನಿಂತಿತು. "ನಿಮಗ ಕೇಳ್ತಾ?"

"ಕೇಳದೇನ್ರಿ? ನಾನೇನು ಕಿವುಡಾ?"

ಅಷ್ಟು ಸಾಕಾಯಿತು. ನಲವತ್ತು ಹುಡುಗರ ಎದುರು ಕಣ್ಣಲ್ಲಿ ನೀರು ತಾರದ ತ್ರಿವೇಣಿ, ಸ್ಟೇರಿಂಗಿಗೆ ಹಣೆ ಹಚ್ಚಿ ಅತ್ತುಬಿಟ್ಟಳು. ಒಂದು ಸಪ್ಪಳಕ್ಕೆ ಇಷ್ಟು ಅಳುವವರನ್ನು ಚಾಂದಪಾಶಾ ತನ್ನ ಐವತ್ತು ವರ್ಷದ ಕೆಲಸದಲ್ಲಿ ಕಂಡಿರಲಿಲ್ಲ. ತೊಡೆಯ ಮೇಲಿನ ಚೀಲವನ್ನು ಸರಿಮಾಡಿಕೊಳ್ಳುತ್ತ ಕೂತ. ಆಮೇಲೆ ಮೆಲ್ಲಗೆ, ಗಾಡಿ ತೆಗೀರಿ ಎಂದ.

ಗಾಡಿ ಹೊರಟು ಸಪ್ಪಳ ಮತ್ತೆ ಶುರುವಾದಾಗ ಅವನು ಹಿಂದಿನಿಂದ ಮುಂದಕ್ಕೆ ಬಾಗಿ, ಪಕ್ಕದ ಸೀಟಿನ ಮೇಲೆ ಅಂಗೈ ಊರಿ ಒತ್ತಿದ. ಸಪ್ಪಳ ನಿಂತಿತು. ಕೈ ತೆಗೆದ. ಟಕ್ ಟಕ್. ಮತ್ತೆ ಒತ್ತಿದ. ನಿಂತಿತು.

"ಕುಛ್ ನಹೀಂ ಅಕ್ಕೋರೆ" ಎಂದು ನಕ್ಕ. "ಖಾಲಿ ಸೀಟ್ ಕಾ ಆವಾಜ್ ಹೈ."

ಚಾಂದಪಾಶಾ ಹೇಳಿದ್ದು ಧೈರ್ಯದ ಮಾತು. ಅವನ ಮನೆಮಾತಿನಲ್ಲಿ 'ಖಾಲಿ' ಎಂದರೆ 'ಅಷ್ಟೇ, ಮತ್ತೇನಿಲ್ಲ'. ಇಂಜಿನ್ನಿನದಲ್ಲ, ಚಕ್ರದ್ದಲ್ಲ, ಬರೀ ಸೀಟಿನ ಸಪ್ಪಳ, ಹೆದರಬೇಡಿ ಎಂದು ಅವನ ಅರ್ಥ. ಈ ಊರುಗಳಲ್ಲಿ ಹುಟ್ಟಿ ಬೆಳೆದ ತ್ರಿವೇಣಿಗೆ ಅದು ತಿಳಿಯದ್ದೇನಲ್ಲ. ಆದರೂ ಅವಳ ಕಿವಿಗೆ ಬಿದ್ದದ್ದು ಇನ್ನೊಂದು ಅರ್ಥ. ಯಾರೂ ಕೂರದ ಸೀಟಿನ ಸಪ್ಪಳ. ಎಡಗಡೆ ಹೊರಳಿ ನೋಡಿದಳು. ಶೀಲಾ ತನ್ನ ಉದ್ದ ಕಾಲಿಗೆಂದು ಹಿಂದಕ್ಕೆ ಸರಿಸಿಕೊಂಡಿದ್ದ ಸೀಟು ಇನ್ನೂ ಅಷ್ಟೇ ಹಿಂದಕ್ಕಿತ್ತು.

"ಮೊದಲ ಯಾರರೆ ಕೂಡ್ತಿದ್ರೇನ್ರಿ ಇಲ್ಲಿ?"

"ನನ್ನ ಗೆಳತಿ. ಆಷಾಢದಾಗ ಟ್ರಾನ್ಸ್‌ಫರ್ ಆದಳು."

"ಹಂಗಾರ ಆವಾಗಿಂದೇ. ಕೆಳಗಿನ ಕಂಬಿ ಸಡಲ ಆಗ್ಯಾದ. ಮಂದಿ ಕೂತ್ರ ಅವರ ಭಾರಕ್ಕ ಬಿಗಿ ಇರ್ತದ, ಇಲ್ಲಾಂದ್ರ ಬಡೀತದ. ಕಂಪನಿಯವರು ನಿಮ್ಮನ್ನ ಬಾಜೂಕ ಕೂಡಿಸಿಕೊಂಡು ನೋಡ್ಯಾರ, ಹ್ಯಾಂಗ ಕೇಳಬೇಕು?"

ಹೇಗೆ ಕೇಳಬೇಕು! ಅಣ್ಣ ಓಡಿಸಿದಾಗ ಅವಳು ಕೂತಿದ್ದಳು. ಮೆಕ್ಯಾನಿಕ್ ಓಡಿಸಿದಾಗ ಅವಳು ಕೂತಿದ್ದಳು. ಅವಳ ಗಾಡಿಯಲ್ಲಿ ಅವಳ ಹಾಗೆ ಒಬ್ಬರೇ ಹೋಗಿ ನೋಡಿದವರು ಯಾರೂ ಇರಲಿಲ್ಲ. ಹೋಗಲಿ, ಒಂಬತ್ತು ತಿಂಗಳ ಹಿಂದೆಯೇ ಆ ನೋಟ್‌ಬುಕ್ಕಿನ ಚೀಲವನ್ನು ಮುಂದೆ ತಂದಿಟ್ಟಿದ್ದರೂ ಸಾಕಿತ್ತು. ಅಷ್ಟು ಭಾರಕ್ಕೆ ಸಪ್ಪಳವೇ ಇರುತ್ತಿರಲಿಲ್ಲ. ಅದು ಶೀಲಾಳ ಜಾಗ ಎಂದು ಅವಳು ಇಡಲಿಲ್ಲ, ಅಷ್ಟೇ.

ಶೆಡ್ಡಿಗೆ ಹಿಂತಿರುಗಿದ ಮೇಲೆ ಚಾಂದಪಾಶಾ ಹಳೆಯ ಟ್ಯೂಬಿನಿಂದ ಎರಡು ಬೆರಳಗಲದ ರಬ್ಬರು ಕತ್ತರಿಸಿ, ಸೀಟಿನ ಕೆಳಗಿನ ಕಂಬಿಗೆ ಒತ್ತಿ ಕೂರಿಸಿ, ಬೋಲ್ಟು ಬಿಗಿದ. ಸೀಟು ಹಿಡಿದು ಜಗ್ಗಿ ನೋಡಿದರೆ ಅಲ್ಲಾಡಲಿಲ್ಲ. ಒಂದು ಚಹಾ ಕುಡಿಯುವಷ್ಟು ಹೊತ್ತಿನ ಕೆಲಸ.

"ಚಾಚಾ, ಒಂದು ಬರದು ಕೊಡ್ತೀರೇನು?" ತ್ರಿವೇಣಿ ಮೂರನೆಯ ಹಾಳೆಯ ಬೆನ್ನು ತಿರುವಿ, ತನ್ನ ಕೆಂಪು ಪೆನ್ನು ಕೊಟ್ಟಳು. "ಸಪ್ಪಳ ಇತ್ತು ಅಂತ."

ಅವನು ಕರಿ ಕನ್ನಡಕ ತೆಗೆದು, ಹಾಳೆಯನ್ನು ಮೂಗಿನ ಹತ್ತಿರ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿದ. 'ಸಪಳ ಇತು. ನಾನು ಕೇಳಿದೆ. ಚಾಂದಪಾಶಾ.' ಒತ್ತಕ್ಷರಗಳು ಎರಡೂ ಮಾಯವಾಗಿದ್ದವು. ತ್ರಿವೇಣಿ ಜೀವನದಲ್ಲಿ ಮೊದಲ ಸಲ ಒಂದು ಬರಹವನ್ನು ತಿದ್ದದೆ ಮಡಚಿ ಪರ್ಸಿನಲ್ಲಿಟ್ಟುಕೊಂಡಳು. ಅಲ್ಲಿಂದಲೇ ಅಣ್ಣನಿಗೆ ಫೋನು ಮಾಡಿ, ನಾಳೆ ಯಾರನ್ನೂ ಕರಕೊಂಡು ಬರಬ್ಯಾಡ, ಸಪ್ಪಳ ಇತ್ತು, ಸಾಕ್ಷಿ ಅದ ಎಂದು ಹೇಳಿದಳು. ಹೇಳುವಾಗ ದನಿ ಗಟ್ಟಿಯಾಗಿತ್ತು.

ಗೆದ್ದ ಖುಷಿ ಮಹಾಗಾಂವ ಕ್ರಾಸಿನವರೆಗೆ ಬಂತು. ಟಕ್ ಎನ್ನಬೇಕಾದ ಜಾಗಗಳೆಲ್ಲ ಸುಮ್ಮನೆ ಹಿಂದೆ ಸರಿದವು. ಈ ಸುದ್ದಿಯನ್ನು ಇನ್ನೊಬ್ಬರಿಗೆ ಹೇಳಲೇಬೇಕಿತ್ತು. ಗಾಡಿ ಬದಿಗೆ ನಿಲ್ಲಿಸಿ ಶೀಲಾಗೆ ಫೋನು ಹಚ್ಚಿದಳು. ಐದನೆಯ ರಿಂಗಿಗೆ ಶೀಲಾ ಎತ್ತಿದಳು. ಹಿಂದೆ ಕುಕ್ಕರಿನ ಸೀಟಿ, ಮಕ್ಕಳ ಜಗಳ.

"ಶೀಲಾ, ಆ ಸಪ್ಪಳ ಸಿಕ್ತು ನೋಡು."

"ಯಾವ ಸಪ್ಪಳ? ಹಾಂ, ಗಾಡೀದಾ! ಏನಾಗಿತ್ತಂತ?"

ನೀ ಕೂಡ್ತಿದ್ದ ಸೀಟು, ನೀ ಹೋದ ದಿನದಿಂದ ಬಡಕೊಳ್ಳಾಕತ್ತಿತ್ತು ಎಂಬ ಮಾತು ನಾಲಗೆಯ ತುದಿಗೆ ಬಂತು. ಅದನ್ನು ಕುಕ್ಕರಿನ ಸೀಟಿಯ ನಡುವೆ ಹೇಗೆ ಹೇಳುವುದು?

"ಖಾಲಿ ಸೀಟಿನ ಸಪ್ಪಳಂತ" ಎಂದಳು.

ಶೀಲಾ ಗೊಳ್ಳನೆ ನಕ್ಕಳು. "ಬರೇ ಸೀಟಿಂದಾ? ಅಷ್ಟಕ್ಕ ಇಷ್ಟು ದಿನ ತಲಿ ಕೆಡಿಸಿಕೊಂಡಿದ್ದೆಲ್ಲ ಮಾರಾಯ್ತಿ! ಹೋಗ್ಲಿ ಬಿಡು, ಈಗ ಸುಮ್ಮನಾಯ್ತಿಲ್ಲ?"

"ಹೂಂ. ಸುಮ್ಮನಾಯ್ತು."

"ಚೊಲೊ ಆಯ್ತು. ಆಮ್ಯಾಲ ಮಾಡ್ತೀನಿ, ಹಾಂ?"

ತ್ರಿವೇಣಿ ಫೋನು ಇಟ್ಟಳು. ಆಮೇಲೆ ಇಳಿದು, ಹಿಂದಿನ ಬಾಗಿಲು ತೆಗೆದು, ನೋಟ್‌ಬುಕ್ಕಿನ ಚೀಲವನ್ನು ಎರಡೂ ಕೈಯಲ್ಲಿ ಎತ್ತಿ ತಂದು ಮುಂದಿನ ಸೀಟಿನ ಮೇಲಿಟ್ಟಳು. ಸೀಟನ್ನು ಒಂದಿಷ್ಟು ಮುಂದಕ್ಕೆ ಎಳೆದಳು.

ಗಾಡಿ ಹೊರಟ ಕೂಡಲೇ ಟಿಂಗ್ ಟಿಂಗ್ ಎಂದು ಗಂಟೆ ಬಾರಿಸತೊಡಗಿತು. ಮುಂದಿನ ಫಲಕದಲ್ಲಿ ಕೆಂಪು ದೀಪ ಹತ್ತಿತು. ಪಕ್ಕದಲ್ಲಿ ಯಾರೋ ಕೂತಿದ್ದಾರೆ, ಬೆಲ್ಟು ಹಾಕಿಲ್ಲ ಎಂದು ಗಾಡಿಯ ತಕರಾರು. ಚೀಲವನ್ನು ಮತ್ತೆ ಹಿಂದಕ್ಕೆ ಹಾಕಬಹುದಿತ್ತು. ತ್ರಿವೇಣಿ ಗಾಡಿ ನಿಲ್ಲಿಸಿ, ಪಕ್ಕದ ಬೆಲ್ಟನ್ನು ಎಳೆದು, ಚೀಲದ ಹೊಟ್ಟೆಯ ಸುತ್ತ ತಂದು ಸಿಕ್ಕಿಸಿದಳು.

ಗಂಟೆ ನಿಂತಿತು. ಜೇವರ್ಗಿ ಕಾಲೋನಿ ಬರುವವರೆಗೂ ಗಾಡಿಯಲ್ಲಿ ಒಂದು ಸಪ್ಪಳವೂ ಕೇಳಿಬರಲಿಲ್ಲ.