ಸಾಲಿನ ಕೊನೆಯ ಮೇಜು

ಆಫೀಸಿನ ಮೇಜುಗಳನ್ನು ಸಾಲಾಗಿ ಜೋಡಿಸುವಾಗ ಪ್ರತಿಯೊಂದಕ್ಕೂ ಬೇರೆ ಬೇರೆ ಕಾಲು ಕೊಡುವುದಿಲ್ಲ. ಎರಡು ಹಲಗೆ ಸೇರುವಲ್ಲಿ ಒಂದೇ ಕಾಲು. ಇದರ ಅಂಚೂ ಅದರ ಮೇಲೆ, ಪಕ್ಕದ್ದರ ಅಂಚೂ ಅದರ ಮೇಲೆ. ಸಾಲಿನ ತುದಿಗೆ ಮಾತ್ರ ಅಗಲವಾದ ತುದಿಗಾಲು. ಕೊನೆಯ ಮೇಜು ತೆಗೆಯಬೇಕಾದರೆ ಮೊದಲು ಪಕ್ಕದ ಮೇಜಿನ ಕೆಳಗೆ ತುದಿಗಾಲು ನಿಲ್ಲಿಸಬೇಕು. "ಇರೋರು ಬೀಳಬಾರದು. ಹೋಗೋರು ಹೇಗಿದ್ರೂ ಹೋಗ್ತಾರೆ," ಎನ್ನುವುದು ಮೇಸ್ತ್ರಿಯ ಮಾತು.

ಅಂಥ ಕೆಲಸ ನಡೆಯುವುದು ಭಾನುವಾರ. ಸೋಮವಾರ ಬಂದವರಿಗೆ ಮೇಜಿಲ್ಲದಿದ್ದರೆ ನೌಕರಿಯೂ ಇಲ್ಲ ಎಂದರ್ಥ. ಅದು ಮುಂಚೆಯೇ ತಿಳಿಯುವುದು ಮೇಜು ಬಿಚ್ಚುವವರಿಗೆ. ಬಾಯಿಬಿಟ್ಟರೆ ಇಡೀ ತಂಡದ ಅನ್ನಕ್ಕೆ ಕಲ್ಲು.

ಶನಿವಾರ ಮೇಸ್ತ್ರಿ, "ನಾಳೆ ಕಿಟಕಿ ಪಕ್ಕದ ಕೊನೇದು," ಎಂದಾಗ ತಂಡದ ಫಿಟ್ಟರ್ ಯಾವ ಆಫೀಸು ಎಂದು ಎರಡೆರಡು ಸಲ ಕೇಳಿದ. ಅಲ್ಲಿ ಕೂರುವವನು ಅವನ ಅಕ್ಕನ ಗಂಡ.

ಸಂಜೆ ಅಕ್ಕನ ಮನೆಗೆ ಹೋದ.

"ಬಾರೋ ಸ್ಕ್ರೂ! ಯಾಕೋ ಸಡಿಲ ಆಗಿದೀಯ?" ಎಂದ ಭಾವ.

"ನಿಮ್ಮ ತಮಾಷೆ ಸಾಕು," ಎಂದಳು ಅಕ್ಕ. "ಕೆಲಸ ಕೊಡ್ತೀವಿ ಅಂದ ಆ ಇನ್ನೊಂದು ಕಂಪನಿಯವರಿಗೆ ಇವತ್ತೇ ಉತ್ತರ ಹೇಳ್ಬೇಕು ಕಣೋ. ಹೋಗ್ಲೋ ಬೇಡ್ವೋ ಅಂತ ಬೆಳಿಗ್ಗೆಯಿಂದ ತೂಗ್ತಾ ಕೂತಿದಾರೆ. ನೀನಾದ್ರೂ ಏನಾದ್ರೂ ಹೇಳು."

ತಂಡದವರ ಮುಖಗಳೆಲ್ಲ ಫಿಟ್ಟರನ ಕಣ್ಣಮುಂದೆ ಬಂದವು. ಅಕ್ಕನ ಮುಖ ಎದುರಿಗೇ ಇತ್ತು.

"ಭಾವ, ನಾಳೆ ನಿಮ್ಮ ಆಫೀಸಲ್ಲಿ ನಮಗೆ ಕೆಲಸ ಇದೆ. ನಿಮ್ಮ ಮೇಜು ಬಿಚ್ತೀವಿ."

ಹೇಳಿಯಾಯಿತು. ಎದೆಯ ಮೇಲಿನ ಭಾರ ಇಳಿಯಿತು. ಭಾವ ಫೋನ್ ಹಿಡಿದು ಒಳಗೆ ಹೋದ. ಸದ್ಯ, ಅರ್ಥವಾಯಿತು ಎಂದುಕೊಂಡ ಫಿಟ್ಟರ್.

ಹೊರಗೆ ಬಂದ ಭಾವನ ಮುಖ ಅರಳಿತ್ತು. "ಬರಲ್ಲ ಅಂದ್ಬಿಟ್ಟೆ! ಅವರೂ ಸರಿ ಬಿಡಿ, ಇನ್ನೊಬ್ಬರು ಇಲ್ಲೇ ಕಾಯ್ತಿದಾರೆ, ಅವರನ್ನೇ ತಗೋತೀವಿ ಅಂದ್ರು."

"ಯಾಕೆ ಭಾವ?"

"ಯಾಕೆ ಅಂದ್ರೆ? ಹೋದ ವರ್ಷ ನೀನೇ ಅಲ್ವೇನೋ ನನ್ನ ಹಳೇ ಮೇಜು ಬಿಚ್ಚಿದ್ದು? ಮಾರನೇ ದಿನ ಕಿಟಕಿ ಪಕ್ಕ ದೊಡ್ಡದು ಕೊಟ್ರು, ಸಂಬಳನೂ ಏರಿಸಿದ್ರು. ಈ ಸಲ ನನಗೇ ಅಂತ ಒಂದು ಕೋಣೆನೇ ಇರಬೇಕು. ಗುಟ್ಟು ಅಂತ ಗೊತ್ತು, ನಾನು ಯಾರಿಗೂ ಹೇಳಲ್ಲ."

ಅಕ್ಕ ನಕ್ಕಳು. ತಿಂಗಳುಗಳಿಂದ ಅವಳು ಹಾಗೆ ನಕ್ಕಿರಲಿಲ್ಲ. ಫಿಟ್ಟರ್ ಬಾಯಿ ತೆರೆದು, ನೀರು ಕೇಳಿದ. ಆ ಕೆಲಸವನ್ನೂ ಕಳೆದುಕೊಂಡ ಮೇಲೆ ಹೇಳಿ ಏನು ಪ್ರಯೋಜನ, ಈ ಎರಡು ರಾತ್ರಿಯಾದರೂ ನೆಮ್ಮದಿಯಾಗಿ ಮಲಗಲಿ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಹೇಡಿತನಕ್ಕೂ ಕರುಣೆಗೂ ಕೆಲವೊಮ್ಮೆ ಒಂದೇ ಅಂಗಿ.

ಭಾನುವಾರ ಪಕ್ಕದ ಮೇಜಿಗೆ ತುದಿಗಾಲು ನಿಲ್ಲಿಸಿ, ಭಾವನ ಹಲಗೆಯನ್ನು ತಾನೇ ಎತ್ತಿದ. ಮೊಣಕೈ ಊರಿ ಊರಿ ಒಂದು ಕಡೆ ಬಣ್ಣ ಮಾಸಿತ್ತು. ಗೋದಾಮಿನಲ್ಲಿ ಅದನ್ನು ಉಳಿದ ಹಲಗೆಗಳ ಜೊತೆ ಗೋಡೆಗೆ ಒರಗಿಸಿದರು.

ಸೋಮವಾರ ಬೆಳಿಗ್ಗೆ ಫೋನ್ ಬಂತು.

"ಲೋ ಸ್ಕ್ರೂ, ನನ್ನ ಹೊಸ ಮೇಜು ಎಲ್ಲಿ ಹಾಕಿದೀಯೋ? ಮಹಡಿ ಎಲ್ಲಾ ಸುತ್ತಿಬಿಟ್ಟೆ. ಯಾರನ್ನ ಕೇಳಿದ್ರೂ ತಲೆ ಎತ್ತಲ್ಲ."

ಫಿಟ್ಟರ್ ಸ್ಪ್ಯಾನರನ್ನು ನೆಲದ ಮೇಲಿಟ್ಟ.

"ಯಾರನ್ನೂ ಕೇಳ್ಬೇಡಿ ಭಾವ. ಕೆಳಗಿಳಿದು ಬನ್ನಿ. ಬಾಗಿಲ ಹತ್ರ ನಿಂತಿರಿ, ನಾನು ಬರ್ತಿದೀನಿ."