ಬುಟ್ಟಿಯ ಕೆಳಗಿನ ಹಲಗೆ

1939ರ ಮೇ ತಿಂಗಳು. ಯುರೋಪಿನ ಬಾಸ್ಕೆಟ್‌ಬಾಲ್ ಪಂದ್ಯಾವಳಿಯ ಮೊದಲ ದಿನವೇ ಆತಿಥೇಯ ಲಿಥುವೇನಿಯಾ ಮತ್ತು ಲಾಟ್ವಿಯಾ ತಂಡಗಳು ಕೌನಾಸ್‌ನ ಹೊಸ ಕ್ರೀಡಾಂಗಣದಲ್ಲಿ ಜಿದ್ದಿಗೆ ಬಿದ್ದು ಆಡುತ್ತಿದ್ದವು. ಬಡಗಿ ವೈಟೇಕುಸ್ ಮಾತ್ರ ಚೆಂಡನ್ನು ನೋಡುತ್ತಿರಲಿಲ್ಲ. ಆ ನೆಲಕ್ಕೆ ಹಲಗೆ ಹಾಸಿದವರಲ್ಲಿ ಅವನೂ ಒಬ್ಬ. ಗಡಿಬಿಡಿಯಲ್ಲಿ, ಪೂರ್ತಿ ಒಣಗದ ಓಕ್ ಹಲಗೆಯೊಂದನ್ನು ಬುಟ್ಟಿಯ ಕೆಳಗೇ ಜಡಿದುಬಿಟ್ಟಿದ್ದ. ಅದೇನಾದರೂ ಸೊಟ್ಟಗಾಗಿ ಎದ್ದರೆ ಆಟಗಾರನೊಬ್ಬನ ಕಾಲು ಮುರಿಯುವುದು ಖಂಡಿತ.

"ಎಲ್ರೂ ಚೆಂಡು ನೋಡ್ತಿದ್ರೆ ನೀವ್ಯಾಕ್ರೀ ನೆಲ ನೋಡ್ತಿದೀರಾ? ಸೂಜಿ ಬಿತ್ತಾ?" ಎಂದು ಹೆಂಡತಿ ಕೋಟ್ರಿನಾ ತಿವಿದಳು.

"ಸುಮ್ನಿರೇ."

ಆಟಗಾರರು ಅಲ್ಲಿ ಧೊಪ್ಪನೆ ಇಳಿದಾಗಲೆಲ್ಲ ಅವನ ಜೀವ ಬಾಯಿಗೆ ಬರುತ್ತಿತ್ತು.

ಕೊನೆಗೆ ಲಿಥುವೇನಿಯಾ ಒಂದೇ ಅಂಕದಿಂದ ಗೆದ್ದಿತು. ಜನ ಅಂಗಳಕ್ಕೆ ನುಗ್ಗಿದರು. ವೈಟೇಕುಸ್ ಬುಟ್ಟಿಯ ಕೆಳಗೆ ಓಡಿ, ಮಂಡಿಯೂರಿ, ಕೆನ್ನೆಯನ್ನು ನೆಲಕ್ಕೆ ತಾಗಿಸಿ ಹಲಗೆಯ ಅಂಚು ನೋಡಿದ. ಅದು ಕೂದಲೆಳೆಯಷ್ಟೂ ಎದ್ದಿರಲಿಲ್ಲ.

"ನೋಡ್ರೋ, ನೆಲಕ್ಕೆ ಮುತ್ತು ಕೊಡ್ತಿದಾನೆ! ಅಭಿಮಾನ ಅಂದ್ರೆ ಇದು ಕಣ್ರಯ್ಯಾ!" ಎಂದು ಮುದುಕನೊಬ್ಬ ಕೂಗಿ, ತಾನೂ ಪಕ್ಕದಲ್ಲಿ ಮಂಡಿಯೂರಿದ. ಅವನ ಹಿಂದೆ ಹತ್ತಾರು ಜನ ಬಗ್ಗಿದರು.

ಬೇರೆ ದಾರಿ ಕಾಣದೆ ವೈಟೇಕುಸ್ ಹಲಗೆಗೆ ಮುತ್ತಿಟ್ಟ. ಅದರಲ್ಲಿ ಇನ್ನೂ ಹಸಿಮರದ ವಾಸನೆಯಿತ್ತು. ಪಂದ್ಯಾವಳಿ ಮುಗಿಯಲು ಇನ್ನೂ ಒಂದು ವಾರವಿತ್ತು.